ಗ್ಯಾರೇಜಿಗೆ ಯಾವ ನಂಬರು?

ಸುಳ್ಯ ಪೇಟೆಯ ಒಂದು ಸೈಬರ್ ಅಂಗಡಿ. ಹೊರಗೆ ಹಿಡಿದು ಹೊಡೆಯುವ ಆಟಿಯ ಮಳೆ. ಜೀಪಿನ ಗೇರ್‌ಬಾಕ್ಸ್ ಕೆಲಸವನ್ನಷ್ಟೇ ಮಾಡುವ ಮೆಕ್ಯಾನಿಕ್ ಒಬ್ಬರು ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಲು ಬಂದಿದ್ದರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಸಲೀಸಾಗಿ ಮುಗಿದು, ಯಾವ ಚಟುವಟಿಕೆ ಎಂದು ಕೇಳುವ ಜಾಗಕ್ಕೆ ಬಂದಾಗ ಅಂಗಡಿಯ ಹುಡುಗನ ಕೈ ನಿಂತಿತು. ‘ಗೇರ್‌ಬಾಕ್ಸ್ ಅಂತ ಉಂಟಾ ನೋಡಿ’ ಎಂದರು ಮೆಕ್ಯಾನಿಕ್. ‘ಇಲ್ಲ, ವಾಹನ ದುರಸ್ತಿ ಅಂತ ಒಂದೇ ಇರುವುದು. ಬಿಡಿಭಾಗ ಮಾರಾಟ ಅಂತ ಇನ್ನೊಂದು ಉಂಟು, ಅದು ಹಾಕುವುದಾ?’ ಅವರು ಗ್ರೀಸ್ ಹಿಡಿದ ಉಗುರುಗಳನ್ನು ನೋಡಿಕೊಂಡು, ‘ಯಾವುದಾದರೂ ಹಾಕಿ, ಬ್ಯಾಂಕಿನವರು ಒಪ್ಪಿದರೆ ಸಾಕು’ ಎಂದರು.

ಹುಡುಗ ಯಾವುದೋ ಒಂದನ್ನು ಒತ್ತಿದ. ಆ ಒತ್ತುವಿಕೆಯಲ್ಲಿ ಎಷ್ಟು ಸಂಗತಿ ನಿರ್ಧಾರವಾಗುತ್ತದೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಮೇಲೆ ಹುಡುಕುತ್ತ ಹೋದಂತೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪುತ್ತೂರು, ಸುಳ್ಯ, ಕಡಬ ಈಗ ಮೂರು ತಾಲೂಕುಗಳು. ಪುತ್ತೂರು, ಸುಳ್ಯಗಳ ಊರುಗಳನ್ನು ಸೇರಿಸಿ ಕಡಬ ಆಯಿತು, ಸುಬ್ರಹ್ಮಣ್ಯವೂ ಅದರೊಳಗೆ ಹೋಯಿತು. ಆದರೆ ವಾಹನದ ಲೆಕ್ಕದಲ್ಲಿ ಇದು ಒಂದೇ ಸೀಮೆ, ಕೆಎ 21ರ ಸೀಮೆ. ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ಹತ್ತುವ 275ನೇ ರಾಷ್ಟ್ರೀಯ ಹೆದ್ದಾರಿ ಒಂದು ಕಡೆ. ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯದ ಮೇಲೆ ಶಿರಾಡಿ ಘಾಟಿಗೆ ಏರುವ 75ನೇ ಹೆದ್ದಾರಿ ಇನ್ನೊಂದು ಕಡೆ. ಮಧ್ಯದಲ್ಲಿ ಅಡಿಕೆ ತೋಟ, ರಬ್ಬರ್ ತೋಟ, ಮನೆಮನೆಗೂ ಇಳಿಯುವ ಮುರಕಲ್ಲಿನ ಕಡಿದಾದ ದಾರಿಗಳು. ನಾಲ್ಕು ತಿಂಗಳು ಮಳೆ. ಇಂಥ ನೆಲದಲ್ಲಿ ವಾಹನ ಬಯಲುಸೀಮೆಯಲ್ಲಿ ಹಾಳಾದ ಹಾಗೆ ಹಾಳಾಗುವುದಿಲ್ಲ. ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಬ್ರೇಕ್ ಡ್ರಮ್ಮಿಗೆ ಕೆಸರುನೀರು ಹೋಗುತ್ತದೆ. ಪ್ಲಾಟ್‌ಫಾರ್ಮ್ ತುಕ್ಕು ಹಿಡಿದು ಬಿಸ್ಕತ್ತಿನಂತೆ ಒಡೆಯುತ್ತದೆ. ಘಾಟಿ ಇಳಿಯುವ ಲಾರಿಯ ಲೈನರ್ ಸುಟ್ಟ ವಾಸನೆ ಗುಂಡ್ಯದಲ್ಲಿ ನಿಂತವರ ಮೂಗಿಗೆ ಬರುತ್ತದೆ.

ಹಾಗಾಗಿ ಇಲ್ಲಿನ ಗ್ಯಾರೇಜುಗಳಲ್ಲಿ ಬಗೆಬಗೆ. ಒಬ್ಬ ಟಿಂಕರಿಂಗ್ ಮಾತ್ರ ಮಾಡುತ್ತಾನೆ, ಇನ್ನೊಬ್ಬ ಪೈಂಟಿಂಗ್. ವಯರಿಂಗಿಗೆ ಬೇರೆ ಜನ, ರೇಡಿಯೇಟರಿಗೆ ಬೇರೆ, ಲೇತಿನ ಕೆಲಸಕ್ಕೆ ಬೇರೆ. ಡೀಸೆಲ್ ಪಂಪ್ ಬಿಚ್ಚಿ ಸೆಟ್ ಮಾಡುವವನ ಹತ್ತಿರ ಬೇರೆ ಮೆಕ್ಯಾನಿಕ್‌ಗಳೇ ಬಂದು ಸಾಲು ನಿಲ್ಲುತ್ತಾರೆ. ಲೀಫ್ ಪಟ್ಟಿ ಹದ ಮಾಡುವವರು, ಸೀಟಿನ ಕುಶನ್ ಹೊಲಿಯುವವರು, ಟಯರ್ ರಿಸೋಲ್ ಮಾಡುವವರು, ರಿಕ್ಷಾ ಮಾತ್ರ ಮುಟ್ಟುವವರು, ಹಳೆಯ ಮಹೀಂದ್ರಾ ಜೀಪು ಬಿಟ್ಟರೆ ಬೇರೆ ಏನನ್ನೂ ಒಳಗೆ ಬಿಡದವರು ಎಲ್ಲ ಇದ್ದಾರೆ. ಜಾಲ್ಸೂರಿನ ದಾರಿಯಿಂದ ಕಾಸರಗೋಡಿನ ಕೆಎಲ್ 14 ಗಾಡಿಗಳೂ ಇವರನ್ನು ಹುಡುಕಿಕೊಂಡು ಬರುತ್ತವೆ.

ಆ ಮೆಕ್ಯಾನಿಕ್ ಅವರ ಶೆಡ್ಡಿಗೆ ಮುಂದೊಂದು ದಿನ ಹೋದೆ. ಗೋಣಿತಾಟಿನ ಮೇಲೆ ಜೀಪಿನ ಗೇರ್‌ಬಾಕ್ಸ್ ಬಿಚ್ಚಿ ಹರಡಿತ್ತು. ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆದ ಹಲ್ಲಿನ ಚಕ್ರಗಳನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿದ್ದರು. ಎರಡನೇ ಗೇರಿನ ಹಲ್ಲಿನ ತುದಿಯನ್ನು ಹೆಬ್ಬೆರಳಿನಿಂದ ಸವರಿ, ‘ಇದು ಡ್ರೈವರ್ ಎಲ್ಲಿ ಗೇರ್ ಇಳಿಸುತ್ತಾನೆ ಅಂತ ಹೇಳುತ್ತದೆ’ ಎಂದರು. ಏರು ಅರ್ಧ ಹತ್ತಿದ ಮೇಲೆ, ಗಾಡಿ ಬಸವಳಿದಾಗ, ಅವಸರದಲ್ಲಿ ಇಳಿಸಿದರೆ ಹಲ್ಲು ಹೀಗೆ ಒಂದೇ ಮಗ್ಗುಲಿಗೆ ಉರುಟಾಗುತ್ತದಂತೆ. ಈ ತಿಳಿವಳಿಕೆ ಮೂವತ್ತು ವರ್ಷದ ಕೈಯಿಂದ ಬಂದದ್ದು. ಸರ್ಕಾರದ ಪಟ್ಟಿಯಲ್ಲಿ ಈ ಕೈಗೂ, ಬಸ್ ಸ್ಟ್ಯಾಂಡಿನ ಪಕ್ಕ ನೀರು ಹೊಡೆದು ಕಾರು ತೊಳೆಯುವ ಪೈಪಿಗೂ ಇರುವುದು ಒಂದೇ ಸಂಖ್ಯೆ: 45200.

ಆ ಪಟ್ಟಿಯ ಹೆಸರು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ. 1962ರಲ್ಲಿ ಮೊದಲ ರೂಪ, ಆಮೇಲೆ 1970, 1987, 1998, 2004, 2008ರಲ್ಲಿ ಪರಿಷ್ಕರಣೆ. ನಮ್ಮ ಉದ್ಯಮ್ ಪತ್ರಗಳಲ್ಲಿ ಕಾಣುವುದು 2008ರದ್ದು. ಅದರಲ್ಲಿ ‘ಜಿ’ ವಿಭಾಗ ಎಂದರೆ ಸಗಟು ಮತ್ತು ಚಿಲ್ಲರೆ ವ್ಯಾಪಾರ, ಮೋಟಾರು ವಾಹನ ಮತ್ತು ಮೋಟಾರ್ ಸೈಕಲ್ ದುರಸ್ತಿ. ಅದರೊಳಗೆ 45ನೇ ವರ್ಗ. 451 ವಾಹನ ಮಾರಾಟ, 452 ದುರಸ್ತಿ, 453 ಬಿಡಿಭಾಗ ಮಾರಾಟ, 454 ಮೋಟಾರ್ ಸೈಕಲಿನ ಮಾರಾಟ ಮತ್ತು ದುರಸ್ತಿ ಎರಡೂ. ಇಂಜಿನ್, ವಯರಿಂಗ್, ಟಿಂಕರಿಂಗ್, ಪೈಂಟ್, ಗಾಜು, ಸೀಟು, ಪಂಕ್ಚರ್, ತುಕ್ಕು ತಡೆಯುವ ಲೇಪ, ತೊಳೆದು ಹೊಳಪು ಕೊಡುವುದು, ಎಲ್ಲ 4520ರ ಹೊಟ್ಟೆಯಲ್ಲಿವೆ.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಬೇಕು. ಮೊದಲ ನಾಲ್ಕು ಅಂಕಿಗಳು ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಪಟ್ಟಿಯನ್ನು ಅನುಸರಿಸಿದವು. ಐದನೆಯದು ನಮ್ಮ ದೇಶದ್ದು, ನಮ್ಮ ಅಗತ್ಯ ನೋಡಿಕೊಂಡು ಹಾಕಿಕೊಳ್ಳಲು ಬಿಟ್ಟ ಜಾಗ. ದ್ವಿಚಕ್ರದ ವಿಷಯದಲ್ಲಿ ಆ ಜಾಗವನ್ನು ಬಳಸಿಕೊಂಡಿದ್ದೇವೆ. 4540 ಎಂಬುದನ್ನು ಹೊಸ ಗಾಡಿ ಮಾರಾಟ, ಬಿಡಿಭಾಗ, ದುರಸ್ತಿ ಎಂದು ಮೂರಾಗಿ ಒಡೆದು, ಬೈಕು, ಸ್ಕೂಟರ್ ಮತ್ತು ರಿಕ್ಷಾ ರಿಪೇರಿಗೆ 45403 ಎಂಬ ಸ್ವಂತ ಸಂಖ್ಯೆ ಕೊಟ್ಟಿದ್ದೇವೆ. ಕಾರು, ಜೀಪು, ಲಾರಿ, ಬಸ್ಸಿನ ದುರಸ್ತಿಗೆ ಮಾತ್ರ ಕೊನೆಯಲ್ಲಿ ಒಂದು ಸೊನ್ನೆ ಇಟ್ಟು ಮುಗಿಸಿದ್ದೇವೆ. ಒಂದರಿಂದ ಒಂಬತ್ತರವರೆಗೆ ಜಾಗ ಖಾಲಿ ಬಿದ್ದಿದೆ. ವಿಶೇಷ ಕೆಲಸದ ಗ್ಯಾರೇಜುಗಳು ಸರ್ಕಾರದ ಕಣ್ಣಿಗೆ ಕಾಣದಿರುವುದಕ್ಕೆ ಆ ಸೊನ್ನೆಯೂ ಒಂದು ಕಾರಣ ಎಂದು ನನಗೆ ಖಚಿತವಾಗಿದೆ.

ಕೆಲವು ದೇಶಗಳು ಹೀಗೆ ಬಿಟ್ಟಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊಗಳ ಪಟ್ಟಿಯಲ್ಲಿ ಸಾಮಾನ್ಯ ಗ್ಯಾರೇಜಿಗೆ 811111. ಸೈಲೆನ್ಸರ್ ಕೆಲಸಕ್ಕೆ, ಗೇರ್‌ಬಾಕ್ಸ್ ಕೆಲಸಕ್ಕೆ ಅಮೆರಿಕದಲ್ಲಿ ಹಿಂದೆ ಬೇರೆ ಬೇರೆ ಸಂಖ್ಯೆಗಳಿದ್ದವು, 2022ರಲ್ಲಿ ಅವನ್ನೆಲ್ಲ ಕೂಡಿಸಿ ವಿಶೇಷ ವಾಹನ ದುರಸ್ತಿ ಎಂಬ 811114 ಮಾಡಿದರು. ಬಾಡಿ ಮತ್ತು ಪೈಂಟಿಗೆ ಬೇರೆ, ಗಾಜಿಗೆ ಬೇರೆ, ಆಯಿಲ್ ಬದಲಿಸುವ ಅಂಗಡಿಗೆ ಬೇರೆ, ತೊಳೆಯುವುದಕ್ಕೆ ಬೇರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 2006ರ ಪಟ್ಟಿಯಲ್ಲಿ ವಾಹನದ ವಿದ್ಯುತ್ ಕೆಲಸ ಒಂದು, ಬಾಡಿ, ಪೈಂಟ್, ಒಳಾಂಗಣ ಇನ್ನೊಂದು, ಉಳಿದದ್ದು ಮತ್ತೊಂದು. ನಮ್ಮ ಸೈಬರ್ ಅಂಗಡಿಯ ಮೆಕ್ಯಾನಿಕ್ ಅಮೆರಿಕದಲ್ಲಿದ್ದಿದ್ದರೆ ಅವರ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು.

ಗ್ಯಾರೇಜು ಯಾವ ಮನೆಗೆ ಸೇರಿದ್ದು ಎಂಬ ಗೊಂದಲ ವಿಶ್ವಸಂಸ್ಥೆಗೂ ಇತ್ತು. 1958ರ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ವಾಹನ ದುರಸ್ತಿ ಉತ್ಪಾದನೆಯ ಕೆಳಗೆ, ವಾಹನ ತಯಾರಿಕೆಯ ಪಕ್ಕದಲ್ಲೇ 384 ಎಂಬ ಸಂಖ್ಯೆಯಲ್ಲಿ ಇತ್ತು. 1968ರಲ್ಲಿ ಅದನ್ನು ಸೇವೆಗಳಿಗೆ ಕಳಿಸಿ, ಚಪ್ಪಲಿ ಮತ್ತು ಗಡಿಯಾರ ರಿಪೇರಿಯ ಜೊತೆ ಕೂರಿಸಿದರು. ಮೂರನೇ ಪರಿಷ್ಕರಣೆಯಲ್ಲಿ ವ್ಯಾಪಾರದ ಮನೆಗೆ ಹೋಯಿತು, 2008ರ ನಾಲ್ಕನೆಯದರಲ್ಲೂ ಅಲ್ಲೇ ಉಳಿಯಿತು. ಈಗ ಐದನೇ ಪರಿಷ್ಕರಣೆ ಬಂದಿದೆ. ಅದರಲ್ಲಿ ದುರಸ್ತಿಯನ್ನು ವ್ಯಾಪಾರದಿಂದ ಬಿಡಿಸಿ ಮತ್ತೆ ಸೇವೆಗೆ, 95ನೇ ವರ್ಗಕ್ಕೆ ತಂದಿದ್ದಾರೆ: ಮೋಟಾರು ವಾಹನಕ್ಕೆ 9531, ಮೋಟಾರ್ ಸೈಕಲಿಗೆ 9532. ಮಾರುವವನು ಬೇರೆ, ಸರಿಮಾಡುವವನು ಬೇರೆ ಎಂದು ಜಗತ್ತು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಇದಕ್ಕೆ ಹೊಂದುವಂತೆ ನಮ್ಮ ಪಟ್ಟಿಯನ್ನೂ ಹೊಸದಾಗಿಸುವ ಕೆಲಸವನ್ನು ಕೇಂದ್ರದ ಅಂಕಿಅಂಶ ಸಚಿವಾಲಯ ಕೈಗೆತ್ತಿಕೊಂಡಿದೆ. ನಮ್ಮ ಮಾತು ಹೇಳಬೇಕಾದ ಹೊತ್ತು ಇದು.

ಮಾರುವುದು ಮತ್ತು ಸರಿಮಾಡುವುದು ಒಂದೇ ಚಾವಣಿಯ ಕೆಳಗಿದ್ದರೆ? ಪುತ್ತೂರು, ಕಡಬದಲ್ಲಿ ಎದುರಿಗೆ ಸ್ಪೇರ್ ಕೌಂಟರ್, ಹಿಂದೆ ಗ್ಯಾರೇಜು ಇರುವ ಅಂಗಡಿಗಳೇ ಹೆಚ್ಚು. ಇಂಥಲ್ಲಿ ವರ್ಗೀಕರಣದ ನಿಯಮ ಸ್ಪಷ್ಟವಾಗಿದೆ: ಯಾವ ಕೆಲಸದಿಂದ ಮೌಲ್ಯ ಹೆಚ್ಚು ಸೇರುತ್ತದೋ ಅದೇ ಮುಖ್ಯ ಚಟುವಟಿಕೆ. ವಹಿವಾಟು ನೋಡಬಾರದು, ಸೇರಿದ ಮೌಲ್ಯ ನೋಡಬೇಕು. ಲೆಕ್ಕಕ್ಕೆ ಒಂದು ಬಿಲ್ ಹಿಡಿಯೋಣ. ಒಟ್ಟು 10,000 ರೂಪಾಯಿ. ಬಿಡಿಭಾಗ 7,500, ಕೂಲಿ 2,500. ಬಿಡಿಭಾಗದಲ್ಲಿ ನೂರಕ್ಕೆ ಹತ್ತು ಉಳಿಯುತ್ತದೆ ಎಂದಿಟ್ಟುಕೊಂಡರೆ ಅಂಗಡಿಗೆ ಸಿಕ್ಕಿದ್ದು 750. ಕೂಲಿಯ 2,500ರಲ್ಲಿ ಸ್ವಲ್ಪ ಕರೆಂಟು, ಗ್ಯಾಸು ಕಳೆದರೂ ಎರಡು ಸಾವಿರಕ್ಕೆ ಮೇಲೆ ಉಳಿಯುತ್ತದೆ. ಅಂದರೆ ಮುಕ್ಕಾಲು ಬಿಲ್ ಸ್ಪೇರಿನದ್ದಾದರೂ ಆ ಅಂಗಡಿ ಗ್ಯಾರೇಜೇ ಹೊರತು ಸ್ಪೇರ್ ಅಂಗಡಿ ಆಗುವುದಿಲ್ಲ. ಎಷ್ಟೋ ಮಾಲಕರು ಬಿಲ್ಲಿನ ಮೊತ್ತ ನೋಡಿ 45300 ಹಾಕಿಸಿಕೊಂಡು ತಾವೇ ತಮ್ಮನ್ನು ವ್ಯಾಪಾರಿ ಎಂದು ಬರೆಸಿಕೊಂಡಿದ್ದಾರೆ.

ಬರೆಸಿಕೊಂಡರೆ ಏನಾಗುತ್ತದೆ? 2021ರ ಜುಲೈ 2ರಂದು ಕೇಂದ್ರದ ಎಂಎಸ್‌ಎಂಇ ಸಚಿವಾಲಯ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಯ ಬಾಗಿಲು ತೆರೆಯಿತು, ಆದರೆ ಅವರಿಗೆ ಸಿಗುವ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ ಎಂದಿತು. ಆ ಆದೇಶದಲ್ಲಿ ಹೆಸರಿಸಿದ ವರ್ಗಗಳು 45, 46, 47. ಈ 45ರ ಹೆಸರಿನ ಬಾಲದಲ್ಲೇ ‘ದುರಸ್ತಿ’ ಎಂಬ ಮಾತು ಇದೆ. ಕೈಯಲ್ಲಿ ಸ್ಪಾನರ್ ಹಿಡಿದವನು ತಕ್ಕಡಿ ಹಿಡಿದವನ ಸಾಲಿನಲ್ಲಿ ನಿಂತದ್ದು ಹೀಗೆ. ಅವನು ಮಾಡುವುದು ಸೇವೆ, ಆ ಸೇವೆಗೆ ಬೇಕಾದ ಯಂತ್ರ ದುಬಾರಿ. ಸಾಮಾನು ತಂದು ಮಾರುವವನ ಅಗತ್ಯಗಳೇ ಬೇರೆ. ಇಬ್ಬರನ್ನೂ ಒಂದೇ ಅಂಕಿಯ ಕೆಳಗೆ ಇಟ್ಟದ್ದು ತಪ್ಪು.

ಈ ವರ್ಗದ ಗಡಿ ದಾಟಿದರೆ ಇನ್ನೂ ವಿಚಿತ್ರ. ಪಂಕ್ಚರ್ ಹಾಕುವುದು 4520. ಅದೇ ಟಯರನ್ನು ರಿಸೋಲ್ ಮಾಡಿದರೆ 2211, ಅದು ಉತ್ಪಾದನೆ. ಜೀಪಿನ ಬಾಡಿ ಸರಿಮಾಡಿದರೆ ದುರಸ್ತಿ. ಹೊಸ ಬಾಡಿ ಕಟ್ಟಿದರೆ 2920, ಉತ್ಪಾದನೆ. ಅಡಿಕೆಗೆ ಬೋರ್ಡೋ ಬಿಡುವ ಪಿಕಪ್ಪಿನ ಗೇರ್ ಸರಿಮಾಡಿದರೆ ಸೇವೆಯೋ ವ್ಯಾಪಾರವೋ ಎಂಬ 45. ಅದೇ ಪಿಕಪ್ಪಿನ ಮೇಲೆ ಕೂರಿಸಿದ ಸ್ಪ್ರೇಯರ್ ಪಂಪ್ ಸರಿಮಾಡಿದರೆ ಕೃಷಿ ಯಂತ್ರ ದುರಸ್ತಿ, 3312, ‘ಸಿ’ ವಿಭಾಗ, ಮತ್ತೆ ಉತ್ಪಾದನೆ. ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳಲ್ಲಿ ಕಡಬದ ಕಡೆಯ ಮೆಕ್ಯಾನಿಕ್ ಬೆಳಗ್ಗೆ ಪಂಪ್, ಮಧ್ಯಾಹ್ನ ಪಿಕಪ್, ಸಂಜೆ ಟಿಲ್ಲರ್ ಮುಟ್ಟುತ್ತಾನೆ. ಪುತ್ತೂರಿನ ಕೆಎಸ್‌ಆರ್‌ಟಿಸಿ ಕಾರ್ಯಾಗಾರದಲ್ಲಿ ಅದೇ ಕೆಲಸ ಮಾಡುವವನಂತೂ ದುರಸ್ತಿಯ ಲೆಕ್ಕಕ್ಕೇ ಬರುವುದಿಲ್ಲ. ಆ ಕಾರ್ಯಾಗಾರ ನಿಗಮದ ಸಹಾಯಕ ಘಟಕವಾದ್ದರಿಂದ ಅದು ಪ್ರಯಾಣಿಕ ಸಾರಿಗೆಯ ಪಾಲು.

ಈ ಗೆರೆಗಳಿಗೆ ಹಣದ ತೂಕವಿದೆ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಉತ್ಪಾದನಾ ಘಟಕಕ್ಕೆ ಯೋಜನಾ ವೆಚ್ಚದ ಮಿತಿ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ. ರಿಸೋಲ್ ಮಾಡುವವನು ಮೊದಲನೆಯದನ್ನು ಕೇಳಬಹುದು, ಡೀಸೆಲ್ ಪಂಪಿನವನು ಎರಡನೆಯದನ್ನು ಮಾತ್ರ. ಜಿಎಸ್‌ಟಿಯದು ಬೇರೆಯೇ ಪುಸ್ತಕ. ಅಲ್ಲಿ ವಾಹನ ದುರಸ್ತಿ 9987ರ ಕೆಳಗಿನ 998714, ಸಂದೇಹವಿಲ್ಲದ ಸೇವೆ. ಬರೀ ಸಾಮಾನು ಮಾರುವವನಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವನಿಗೆ 20 ಲಕ್ಷ. ಬಿಡಿಭಾಗ ಮತ್ತು ಕೂಲಿಯನ್ನು ಬಿಲ್ಲಿನಲ್ಲಿ ಬೇರೆ ಬೇರೆ ತೋರಿಸಿದರೆ ತೆರಿಗೆಯೂ ಬೇರೆ ಬೇರೆ ಎಂದು 2018ರ ಜೂನಿನ ಸುತ್ತೋಲೆ ಹೇಳಿತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಶೇ 18 ಎಂದಾದ ಮೇಲೆ ಆ ತಲೆಬಿಸಿ ಒಂದಷ್ಟು ಇಳಿದಿದೆ. ಅಂದರೆ ಒಂದೇ ಶೆಡ್ಡು ಅಂಕಿಅಂಶದ ಪುಸ್ತಕದಲ್ಲಿ ವ್ಯಾಪಾರದ ಪಕ್ಕ, ತೆರಿಗೆಯ ಪುಸ್ತಕದಲ್ಲಿ ಸೇವೆ.

ಮೂರನೇ ಪುಸ್ತಕವೂ ಇದೆ. 1948ರ ಕಾರ್ಖಾನೆ ಕಾಯ್ದೆ ‘ಉತ್ಪಾದನಾ ಪ್ರಕ್ರಿಯೆ’ಯ ಅರ್ಥ ಹೇಳುವಾಗ ದುರಸ್ತಿಯನ್ನೂ ಸೇರಿಸಿತ್ತು. ವಿದ್ಯುತ್ ಬಳಸಿ ಹತ್ತು ಜನ ಕೆಲಸ ಮಾಡುವ ಗ್ಯಾರೇಜು ಅದರ ಪ್ರಕಾರ ಕಾರ್ಖಾನೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಹತ್ತು ಇಪ್ಪತ್ತಾಯಿತು. ನಮ್ಮ ಸೀಮೆಯ ಹೆಚ್ಚಿನ ಗ್ಯಾರೇಜುಗಳಲ್ಲಿ ಮಾಲಕ, ಇಬ್ಬರು ಹುಡುಗರು, ಅಷ್ಟೇ. ಅವು ಮೊದಲೂ ಹೊರಗಿದ್ದವು, ಈಗಲೂ ಹೊರಗೆ. ಮಾಲಿನ್ಯ ನಿಯಂತ್ರಣದವರ ಪಟ್ಟಿಯಲ್ಲಿ ಮಾತ್ರ ಗ್ಯಾರೇಜು ಒಳಗಿದೆ. 2016ರ ವಿಂಗಡಣೆಯಲ್ಲಿ ವಾಹನ ಸರ್ವಿಸ್, ದುರಸ್ತಿ, ಪೈಂಟಿಂಗ್ ಕಿತ್ತಳೆ ವರ್ಗಕ್ಕೆ ಬಂತು. ಇಂಜಿನ್ನಿನಿಂದ ಇಳಿಸಿದ ಹಳೆ ಆಯಿಲ್ ಅದೇ ವರ್ಷದ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯ. ಇದು ನ್ಯಾಯವೇ. ಕುಮಾರಧಾರಾ, ಪಯಸ್ವಿನಿಗೆ ಹರಿಯುವ ತೋಡುಗಳ ಪಕ್ಕದಲ್ಲೇ ಎಷ್ಟೋ ಶೆಡ್ಡುಗಳಿವೆ. ಮಳೆಗಾಲದಲ್ಲಿ ನೆಲ ತೊಳೆದ ಆಯಿಲ್ ಬಣ್ಣಬಣ್ಣವಾಗಿ ತೋಡಿಗೆ ಇಳಿಯುವುದನ್ನು ನೋಡಿ ನನಗೆ ಸಂಕಟವಾಗಿದೆ. ಆದರೆ ಆಯಿಲ್ ಮುಟ್ಟದ ಕುಶನ್ ಕೆಲಸದವನಿಗೂ ವಯರಿಂಗಿನವನಿಗೂ ಬೇರೆ ಸಂಖ್ಯೆ ಇದ್ದಿದ್ದರೆ, ಯಾರ ಮೇಲೆ ನಿಗಾ ಬೇಕು, ಯಾರ ಮೇಲೆ ಬೇಡ ಎಂದು ತಿಳಿಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಗಮನಿಸಬೇಕಾದದ್ದು, ಮನುಷ್ಯರನ್ನು ಎಣಿಸುವಾಗ ಸರ್ಕಾರ ಇಷ್ಟು ಕುರುಡಾಗಿಲ್ಲ. ವೃತ್ತಿಗಳ ರಾಷ್ಟ್ರೀಯ ವರ್ಗೀಕರಣದಲ್ಲಿ ವಾಹನ ಮೆಕ್ಯಾನಿಕ್ 7231, ತಗಡು ಬಡಿಯುವವನು 7213, ಸ್ಪ್ರೇ ಪೈಂಟರ್ 7132, ವಿದ್ಯುತ್ ಕೆಲಸದವನು 7412. ಐಟಿಐಗಳಲ್ಲೂ ಮೋಟಾರು ವಾಹನ ಮೆಕ್ಯಾನಿಕ್ ಬೇರೆ, ಡೀಸೆಲ್ ಮೆಕ್ಯಾನಿಕ್ ಬೇರೆ. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಅಸಂಘಟಿತ ಕಾರ್ಮಿಕರ ವರ್ಗಗಳಲ್ಲಿ ಟೈಲರ್, ಕಮ್ಮಾರ, ಕುಂಬಾರರ ಜೊತೆ ಮೆಕ್ಯಾನಿಕ್ ಕೂಡ ಒಬ್ಬ. ಕೆಲಸಗಾರನನ್ನು ಗುರುತಿಸುವ ಸರ್ಕಾರ ಅವನ ಅಂಗಡಿಯನ್ನು ಗುರುತಿಸುವುದಿಲ್ಲ. ಅವನು ಕೂಲಿಯಾಗಿರುವವರೆಗೆ ಅವನಿಗೊಂದು ಹೆಸರಿದೆ, ಸ್ವಂತ ಶೆಡ್ಡು ಹಾಕಿದ ದಿನ ಆ ಹೆಸರು ಅಳಿಸಿಹೋಗುತ್ತದೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರನಿದ್ದಾನೆ, ಬೀಗ ಮಾಡುವವನಿದ್ದಾನೆ, ದೋಣಿ ಕಟ್ಟುವವನಿದ್ದಾನೆ. ಲೀಫ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸುವ ಗ್ಯಾರೇಜಿನವನಿಗೆ ಅಲ್ಲಿ ಜಾಗವಿಲ್ಲ.

ಎಣಿಕೆಯ ವಿಷಯದಲ್ಲೂ ಹಾಗೇ. 2013ರ ಆರನೇ ಆರ್ಥಿಕ ಗಣತಿ ಮೂರು ಅಂಕಿಗಳ ಮಟ್ಟದಲ್ಲಿ ವರ್ಗೀಕರಿಸಿತು. ಆ ಮಟ್ಟದಲ್ಲಿ 454 ಎಂದರೆ ಗಾಜಿನ ಬಾಗಿಲಿನ ಬೈಕ್ ಶೋರೂಮೂ ಹೌದು, ಬೆಳ್ಳಾರೆಯ ಮರದಡಿಯ ಬೈಕ್ ಮೆಕ್ಯಾನಿಕ್ಕೂ ಹೌದು. ಮೂರು ತಾಲೂಕುಗಳಲ್ಲಿ ಗೇರ್‌ಬಾಕ್ಸ್ ಕೆಲಸದವರು ಎಷ್ಟು, ಡೀಸೆಲ್ ಪಂಪಿನವರು ಎಷ್ಟು ಎಂದು ಯಾವ ಅಧಿಕಾರಿ ಕೇಳಿದರೂ ಈ ಪಟ್ಟಿಯಿಂದ ಉತ್ತರ ತೆಗೆಯಲು ಬರುವುದಿಲ್ಲ.

ಇದೆಲ್ಲ ಈಗಲೇ ಯಾಕೆ ಮುಖ್ಯ? 2020ರ ಏಪ್ರಿಲ್ 1ರಿಂದ ಮಾರಾಟವಾಗುವ ಗಾಡಿಗಳೆಲ್ಲ ಬಿಎಸ್ 6. ಹಳೆಯ ಡೀಸೆಲ್ ಪಂಪನ್ನು ಕಿವಿಯಿಂದ ಕೇಳಿ ಸೆಟ್ ಮಾಡುತ್ತಿದ್ದವನ ಮುಂದೆ ಈಗ ಕಾಮನ್ ರೈಲ್ ಇಂಜೆಕ್ಟರ್, ಸೆನ್ಸರ್, ಇಂಜಿನ್ ನಿಯಂತ್ರಿಸುವ ಇಸಿಎಂ. ಸ್ಕ್ಯಾನರ್ ಇಲ್ಲದೆ ಬಾನೆಟ್ ತೆರೆಯುವುದೇ ವ್ಯರ್ಥ, ಇಂಜೆಕ್ಟರ್ ಪರೀಕ್ಷಿಸುವ ಬೆಂಚಿಗೆ ಲಕ್ಷಗಟ್ಟಲೆ ಬೇಕು. ವಿದ್ಯುತ್ ಸ್ಕೂಟರ್, ವಿದ್ಯುತ್ ರಿಕ್ಷಾ ಗ್ರಾಮ ರಸ್ತೆಗಳಿಗೂ ಇಳಿದಿವೆ. ಇಂಥ ಹೊತ್ತಿನಲ್ಲಿ ಸಾಮಾನ್ಯ ಗ್ಯಾರೇಜು ಎಂಬುದು ಕರಗಿ, ವಿಶೇಷ ಕೆಲಸದ ಗ್ಯಾರೇಜುಗಳೇ ಉಳಿಯುತ್ತವೆ. ಬೆಂಚಿಗೆ ಸಾಲ ಕೇಳಿಕೊಂಡು ಹೋದವನನ್ನು ಬ್ಯಾಂಕು ನೋಡುವುದು 45200 ಎಂಬ ಕನ್ನಡಿಯಲ್ಲಿ. ಅದರಲ್ಲಿ ನೀರಿನ ಪೈಪಿನ ಅಂಗಡಿಗೂ ಇಂಜೆಕ್ಟರ್ ಬೆಂಚಿಗೂ ಒಂದೇ ಮುಖ. ಘಾಟಿಯ ಮಧ್ಯೆ ಬ್ರೇಕ್ ಹೋದ ಬಸ್ಸನ್ನು, ಇಂಧನ ಹೊತ್ತ ಟ್ಯಾಂಕರನ್ನು ಸರಿಮಾಡಿ ಕಳಿಸುವ ಕೈಗಳು ಇವು. ಆ ಕೈಗಳು ಹಳೆಯ ವಿದ್ಯೆಯಲ್ಲೇ ಉಳಿದರೆ ಅಪಾಯ ರಸ್ತೆಯ ಮೇಲಿರುವ ನಮಗೆಲ್ಲ.

ವಿಂಗಡಣೆ ಹೆಚ್ಚಾದಷ್ಟೂ ಕಾಗದದ ಕಾಟ ಹೆಚ್ಚು ಎನ್ನುವವರಿದ್ದಾರೆ. ಒಬ್ಬನೇ ನಾಲ್ಕು ಕೆಲಸ ಮಾಡುವ ಊರಲ್ಲಿ ನಾಲ್ಕು ಸಂಖ್ಯೆ ಯಾಕೆ ಎಂಬ ಅವರ ಪ್ರಶ್ನೆಯಲ್ಲಿ ತಿರುಳಿದೆ. ಅಮೆರಿಕದವರೂ ತೀರ ಸಣ್ಣ ಸಂಖ್ಯೆಗಳನ್ನು 2022ರಲ್ಲಿ ಕೂಡಿಸಿದ್ದು ಅದಕ್ಕೇ ಇರಬೇಕು. ನಾನು ಕೇಳುವುದು ಇಪ್ಪತ್ತು ಸಂಖ್ಯೆಗಳನ್ನಲ್ಲ, ನಾಲ್ಕೈದು ಸಾಕು: ಸಾಮಾನ್ಯ ದುರಸ್ತಿ, ಇಂಜಿನ್, ಗೇರ್ ಮತ್ತು ಇಂಧನ ಪಂಪಿನಂಥ ವಿಶೇಷ ಯಾಂತ್ರಿಕ ಕೆಲಸ, ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ ಕೆಲಸ, ಬಾಡಿ ಮತ್ತು ಪೈಂಟ್, ಟಯರ್ ಮತ್ತು ತೊಳೆಯುವಿಕೆ. ಪಟ್ಟಿ ಪರಿಷ್ಕರಣೆಯಾಗುವಾಗ ಇದನ್ನು ಬರೆದು ಕಳಿಸುವ ಕೆಲಸವನ್ನು ಗ್ಯಾರೇಜು ಮಾಲಕರ ಸಂಘಗಳೂ, ನಮ್ಮ ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗಗಳೂ ಕೂಡಿ ಮಾಡಬೇಕು.

ಅಲ್ಲಿಯವರೆಗೆ ಗ್ಯಾರೇಜು ನಡೆಸುವವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಉದ್ಯಮ್ ಪತ್ರವನ್ನು ಒಮ್ಮೆ ಹೊರತೆಗೆದು ನೋಡಿ. ದುರಸ್ತಿ ಮಾಡುವವರು 45300 ಎಂದು ಬರೆಸಿಕೊಂಡಿದ್ದರೆ ಅದನ್ನು 45200 ಮಾಡಿಸಿ. ರಿಕ್ಷಾ, ಬೈಕಿನವರು 45403 ಇದೆಯೇ ನೋಡಿ. ಸ್ಪ್ರೇಯರ್, ಟಿಲ್ಲರ್ ಮುಟ್ಟುವವರು 3312ರ ಸಂಖ್ಯೆಯನ್ನೂ, ರಿಸೋಲ್ ಮಾಡುವವರು 2211ರದ್ದನ್ನೂ ಸೇರಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ಚಟುವಟಿಕೆ ಬರೆಯಲು ಉದ್ಯಮ್ ಪತ್ರದಲ್ಲಿ ಜಾಗವಿದೆ. ‘ಯಾವುದಾದರೂ ಹಾಕಿ’ ಎನ್ನಬೇಡಿ. ಉದ್ಯಮ್ ಜಾಲತಾಣದಲ್ಲಿ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ.